ಕಿವಿಯೊಳಗಿನ ಅರಳೆ

ನಮ್ಮ ಆದವಾನಿಯಲ್ಲಿ ‘ಬಡ್ಸ್ ಕೊಡ್ರಿ’ ಅಂದರೆ ಕೈಗೆ ಏನು ಬರುತ್ತದೆ ಎನ್ನುವುದು ನಿಂತ ಅಂಗಡಿಯ ಮೇಲಿದೆ. ಔಷಧಿ ಅಂಗಡಿಯಾದರೆ ಎರಡು ತುದಿಗೂ ಅರಳೆ ಸುತ್ತಿದ ಕಡ್ಡಿಗಳ ಡಬ್ಬಿ ಬರುತ್ತದೆ. ಅದರ ಮಗ್ಗುಲಿನ ಮೊಬೈಲ್ ಅಂಗಡಿಯಾದರೆ ಸುಣ್ಣದ ಡಬ್ಬಿಯಂಥ ಒಂದು ಪೆಟ್ಟಿಗೆ. ಮುಚ್ಚಳ ತೆಗೆದರೆ ಹುಣಸೆಬೀಜಕ್ಕಿಂತ ತುಸು ದಪ್ಪನೆಯ ಎರಡು ಕಾಳು. ಎರಡೂ ಹೋಗುವುದು ಕಿವಿಗೇ. ಈ ಎರಡನೆಯದನ್ನು ಕೊಳ್ಳುವ ಮುಂಚೆ ಮೂರು ವಾರ ಯೋಚಿಸಿದೆ, ಕೊಂಡ ಮೇಲೆ ಮೂರು ತಿಂಗಳು ಹಾಕಿ ನೋಡಿದೆ. 1,300 ರೂಪಾಯಿಯ ಸಾಮಾನಿಗೆ ಇಷ್ಟು ಹೊತ್ತು ಯಾಕೆ ಎಂದು ಮಗ ಕೇಳಿದ. ಕಿವಿಯೊಳಗೆ ಇಟ್ಟುಕೊಳ್ಳುವುದನ್ನು ಗಡಿಬಿಡಿಯಲ್ಲಿ ತರಬಾರದು ಅಂದೆ.

ಕಿವಿಗೆ ಏನಾದರೂ ಇಟ್ಟುಕೊಳ್ಳುವುದು ಹತ್ತಿಯ ಊರಿನವರಿಗೆ ಹೊಸದಲ್ಲ. ಬಾಣಂತಿಗೆ ಎರಡೂ ಕಿವಿಯಲ್ಲಿ ಅರಳೆ ಇಟ್ಟು ತಲೆಗೆ ಬಟ್ಟೆ ಕಟ್ಟುತ್ತಾರೆ. ಮಾಗಿಯ ನಸುಕಿನಲ್ಲಿ ಮಾರ್ಕೆಟ್ ಯಾರ್ಡಿಗೆ ಹತ್ತಿ ಹೇರಿಕೊಂಡು ಬರುವ ರೈತನ ಕಿವಿಯಲ್ಲೂ ಅರಳೆಯೇ, ಅದೂ ತನ್ನ ಹೊಲದ್ದು. ಶುಕ್ರವಾರ ಮಧ್ಯಾಹ್ನ ಸಿದ್ದಿ ಮಸೂದ್ ಖಾನನ ಕಾಲದ ಶಾಹಿ ಜಾಮಿಯಾ ಮಸೀದಿಯಿಂದ ಹೊರಗೆ ಬರುವ ಹಿರಿಯರ ಕಿವಿಯ ಮಡಿಕೆಯಲ್ಲಿ ಕಡಲೆಕಾಳಿನಷ್ಟು ಅತ್ತರಿನ ಅರಳೆ ಇರುತ್ತದೆ. ಎದುರು ಬಂದವರಿಗೆ ಮೊದಲು ವಾಸನೆ, ಆಮೇಲೆ ಸಲಾಮು. ನನಗೆ ಚಿಕ್ಕಂದಿನಲ್ಲಿ ಅವ್ವ ಅರಳೆ ಇಡುತ್ತಿದ್ದ ರೀತಿ ಇನ್ನೂ ನೆನಪಿದೆ. ದೀಪದ ಬತ್ತಿಯಂತೆ ಹೊಸೆಯುತ್ತಿರಲಿಲ್ಲ. ಬೆರಳ ತುದಿಯಲ್ಲಿ ಸಡಿಲವಾಗಿ ಉಂಡೆ ಮಾಡಿ, ಕಿವಿಯ ಬಾಯಿಗೆ ಆನಿಸಿ, ಒಂದು ಸಲ ತಿರುವಿ ಬಿಡುತ್ತಿದ್ದಳು. ಬಿಗಿ ಆದರೆ ಕಿವಿ ಗುಂಯ್ ಅಂತೈತಿ, ಸಡಿಲ ಆದರೆ ಗಾಳಿ ಹೊಗತೈತಿ ಅನ್ನುತ್ತಿದ್ದಳು. ಈಗ ನೂರಾರು ಕಂಪನಿಗಳು ರಬ್ಬರಿನಲ್ಲಿ ಬಿಡಿಸಲು ಹೆಣಗುತ್ತಿರುವ ಲೆಕ್ಕ ಇದೇ.

ಮೊಬೈಲ್ ಅಂಗಡಿಯ ಹುಡುಗ ಒಳ್ಳೆಯವನು. ‘ಕೇಳ್ರಿ ಅಣ್ಣಾ, ಬೇಸ್ ಹೆಂಗ ಹೊಡೀತೈತಿ’ ಎಂದು ತನ್ನ ಫೋನಿನಿಂದ ಒಂದು ಹಾಡು ಬಿಟ್ಟ. ಹೊಸ ಸಿನಿಮಾದ ಹಾಡು. ದಬ್ ದಬ್ ಎನ್ನುವ ಪೆಟ್ಟು ತಲೆಬುರುಡೆಯ ಒಳಗೇ ಬಿದ್ದಂತಾಯಿತು. ಎರಡು ನಿಮಿಷ ಯಾರಿಗಾದರೂ ಚೆನ್ನಾಗಿಯೇ ಅನಿಸುತ್ತದೆ. ಮೂರು ಜೊತೆ ತೋರಿಸಿದ, ಮೂರಕ್ಕೂ ಅದೇ ಹಾಡು. ಮೂರರಲ್ಲೂ ಹಾಡಿದವಳು ಏನು ಹಾಡಿದಳು ಎಂಬುದು ಮಾತ್ರ ನನಗೆ ತಿಳಿಯಲಿಲ್ಲ. ಆಗ ಅಪ್ಪನ ನೆನಪಾಯಿತು.

ಅಪ್ಪ ನಲವತ್ತು ವರ್ಷ ಹತ್ತಿಯ ಜೊತೆಯೇ ಇದ್ದವರು. ಮೊದಲ ಹದಿನೆಂಟು ವರ್ಷ ಬೀಜ ಬಿಡಿಸುವ ಜಿನ್ನಿನಲ್ಲಿ, ಆಮೇಲೆ ಖರೀದಿದಾರರ ಕಡೆಯಿಂದ ಯಾರ್ಡಿನಲ್ಲಿ ಹತ್ತಿ ನೋಡುವವರಾಗಿ. ರಾಶಿಯ ಮೇಲಿನ ಹತ್ತಿಯನ್ನು ಅವರು ಮುಟ್ಟಿದ್ದನ್ನು ನಾನು ಕಂಡಿಲ್ಲ. ಮೊಣಕೈವರೆಗೆ ಕೈ ಇಳಿಸಿ ಹೊಟ್ಟೆಯಿಂದ ಒಂದು ಹಿಡಿ ತೆಗೆಯುತ್ತಿದ್ದರು. ಮುಷ್ಟಿ ಬಿಗಿ ಹಿಡಿದು ಬಿಟ್ಟರೆ ಒಣಗಿದ ಹತ್ತಿ ತಾನೇ ಅರಳಿಕೊಳ್ಳುತ್ತದೆ, ಹಸಿ ಇದ್ದದ್ದು ಮುದ್ದೆಯಾಗಿಯೇ ಉಳಿಯುತ್ತದೆ. ಸರ್ಕಾರಿ ಖರೀದಿಯಲ್ಲಿ ತೇವ ನೂರಕ್ಕೆ 8 ಇರಬೇಕು, 12 ದಾಟಿದರೆ ತೆಗೆದುಕೊಳ್ಳುವುದಿಲ್ಲ. ಅದನ್ನು ಅಳೆಯಲು ಈಗ ಮೀಟರು ಇದೆ. ಅಪ್ಪ ಮುಷ್ಟಿಯಲ್ಲೇ ಹೇಳುತ್ತಿದ್ದರು. ಆಮೇಲೆ ಎಳೆ ನೋಡುವುದು. ಬೀಜ ಬಿಡಿಸಿದ ಒಂದು ಚಿಟಿಕೆ ಅರಳೆಯನ್ನು ಎರಡೂ ಕೈಯ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಎಳೆದು ಎರಡು ಪಾಲು ಮಾಡುವರು. ಒಂದರ ಮೇಲೊಂದು ಇಟ್ಟು ಮತ್ತೆ ಎಳೆಯುವರು. ಏಳೆಂಟು ಸಲ ಹೀಗೆ ಮಾಡಿದರೆ ಸಿಕ್ಕೆಲ್ಲ ಬಿಟ್ಟು ಎಳೆಗಳು ಬಾಚಿದ ಕೂದಲಂತೆ ಸಮ ನಿಲ್ಲುತ್ತವೆ. ಅದನ್ನು ಅಂಗಿಯ ತೋಳಿನ ಮೇಲೆ ಹಾಸಿ ನೋಡಿ, ‘29 ಐತಿ’ ಅನ್ನುವರು. 29 ಮಿಲಿಮೀಟರ್. ಹೊರಗಿನಿಂದ ತಮಟೆಯವರೆಗೆ ಮನುಷ್ಯನ ಕಿವಿಯ ಕೊಳವೆ ಸುಮಾರು 25 ಮಿಲಿಮೀಟರ್ ಎಂದು ಎಲ್ಲೋ ಓದಿದಾಗ, ಒಳ್ಳೆಯ ಹತ್ತಿಯ ಒಂದು ಎಳೆ ನಮ್ಮ ಕಿವಿಗಿಂತ ಉದ್ದ ಎಂದು ಬೆರಗಾಯಿತು.

ಅಂಗಡಿಯವರು ಕೇಳಿಸುವ ಹಾಡು ರಾಶಿಯ ಮೇಲಿನ ಹತ್ತಿ. ಹೊಟ್ಟೆಯೊಳಗೆ ಕೈ ಇಳಿಸಬೇಕಾದರೆ ನಮ್ಮ ಹಾಡು ನಮ್ಮ ಹತ್ತಿರ ಇರಬೇಕು, ಹೊತ್ತೂ ಬೇಕು. ಹೊತ್ತು ಅಂಗಡಿಯಲ್ಲಿ ಸಿಗುವುದಿಲ್ಲ. ಆದ್ದರಿಂದ ಒಪ್ಪದಿದ್ದರೆ ವಾರದೊಳಗೆ ಬದಲಿಸಿ ಕೊಡುತ್ತೇನೆ ಎಂದು ಹುಡುಗನಿಂದ ಬಾಯಿಮಾತು ತೆಗೆದುಕೊಂಡೇ ದುಡ್ಡು ಕೊಟ್ಟೆ.

ಬೆಲೆ ಕಡಿಮೆಯ ಬಡ್ಸ್‌ಗಳಲ್ಲಿ ಎರಡು ಜಾತಿ. ಒಂದು, ಅತ್ತರಿನವರ ಅರಳೆಯಂತೆ ಕಿವಿಯ ಬಟ್ಟಲಿನಲ್ಲಿ ಸುಮ್ಮನೆ ಕೂರುವಂಥದ್ದು. ರಬ್ಬರು ಇರುವುದಿಲ್ಲ, ನೋವಿಲ್ಲ, ಹೊರಗಿನ ಮಾತೂ ಕೇಳಿಸುತ್ತದೆ, ತಗ್ಗಿನ ಸ್ವರಗಳು ಮಾತ್ರ ಸಂದಿಯಿಂದ ಸೋರಿಹೋಗುತ್ತವೆ. ಇನ್ನೊಂದು ಬಾಣಂತಿಯ ಅರಳೆಯಂತೆ ಬಾಯಿಗೇ ಗಿಡಿಯುವಂಥದ್ದು. ನಾನು ತಂದದ್ದು ಎರಡನೆಯದು. ಪೆಟ್ಟಿಗೆಯಲ್ಲಿ ಸಣ್ಣ, ನಡುವಿನ, ದೊಡ್ಡ ಎಂದು ಮೂರು ಜೊತೆ ರಬ್ಬರು ಕೊಟ್ಟಿರುತ್ತಾರೆ. ನಡುವಿನದು ಮೊದಲೇ ಸಿಕ್ಕಿಸಿರುವುದರಿಂದ ಬಹಳ ಜನ ಉಳಿದ ಎರಡು ಜೊತೆಯನ್ನು ಡಬ್ಬಿಯ ಜೊತೆಗೇ ಎಸೆದುಬಿಡುತ್ತಾರೆ. ಇದಕ್ಕಿಂತ ದೊಡ್ಡ ನಷ್ಟ ಇಲ್ಲ. ಮನುಷ್ಯನ ಎರಡು ಕಿವಿಯೂ ಒಂದೇ ಅಳತೆಯವು ಇರಬೇಕೆಂದಿಲ್ಲ; ನನ್ನ ಎಡಗಿವಿಗೆ ನಡುವಿನದು, ಬಲಗಿವಿಗೆ ಸಣ್ಣದು. ಇದು ತಿಳಿಯಲು ಐದು ದಿನ ಹಿಡಿಯಿತು. ಹಿಂದೆ ಒಂದು ಜೊತೆ ತಂದು, ಅರ್ಧ ತಾಸಿಗೆ ಬಲಗಿವಿ ಸಿಡಿಯತೊಡಗಿ, ಸಾಮಾನೇ ಸರಿಯಿಲ್ಲ ಎಂದು ಯಾರಿಗೋ ಕೊಟ್ಟುಬಿಟ್ಟಿದ್ದೆ. ಅದರ ತಪ್ಪು ಎರಡು ಮಿಲಿಮೀಟರ್ ರಬ್ಬರಿನದು ಇದ್ದಿರಬಹುದು ಎಂದು ಈಗ ಅನಿಸುತ್ತದೆ.

ಹಿತವಾಗಿದೆಯೋ ಇಲ್ಲವೋ ಎಂದು ನೋಡಲು ನಾನು ಕಂಡುಕೊಂಡ ದಾರಿ ಉಗ್ಗಾಣಿ. ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಹತ್ತಿರ ಬಂಡಿಯಲ್ಲಿ ಒಂದು ಪ್ಲೇಟು ಉಗ್ಗಾಣಿ, ಎರಡು ಮೆಣಸಿನಕಾಯಿ ಬಜ್ಜಿ. ಬಡ್ಸ್ ಹಾಕಿಕೊಂಡೇ ತಿನ್ನಬೇಕು. ಕೆಳದವಡೆಯ ಕೀಲು ಕಿವಿಯ ಕೊಳವೆಯ ಮುಂದಿನ ಗೋಡೆಗೆ ಅಂಟಿಕೊಂಡೇ ಇದೆ. ಕಿರುಬೆರಳನ್ನು ಕಿವಿಗಿಟ್ಟು ಬಾಯಿ ಆಡಿಸಿದರೆ ಗೋಡೆ ಒಳಗೆ ಹೊರಗೆ ಆಡುವುದು ತಿಳಿಯುತ್ತದೆ. ಸುಮ್ಮನೆ ಕೂತಾಗ ಸರಿಯಾಗಿ ಕೂತ ಬಡ್ಸು ನಾಲ್ಕು ತುತ್ತಿಗೆ ಜರುಗಿ ಹೊರಗೆ ಬಂದರೆ ರಬ್ಬರು ಸಣ್ಣದು. ಬಜ್ಜಿ ಕಡಿದಾಗ ಒಳಗೆ ಒತ್ತಿ ನೋವಾದರೆ ದೊಡ್ಡದು. ಅಗಿಯುವ ಸದ್ದು ತಲೆಯೊಳಗೆ ಕಲ್ಲು ಬೀಸಿದಂತೆ ಕೇಳಿಸುವುದು ಮಾತ್ರ ದೋಷವಲ್ಲ. ಕಿವಿಯ ಬಾಯಿ ಮುಚ್ಚಿದಾಗ ನಮ್ಮ ಎಲುಬಿನಿಂದ ಬಂದ ಸದ್ದು ಹೊರಗೆ ಹೋಗಲು ದಾರಿ ಸಿಗದೆ ಒಳಗೇ ಉಳಿಯುತ್ತದೆ. ಅವ್ವ ಗುಂಯ್ ಅಂತೈತಿ ಅನ್ನುತ್ತಿದ್ದದ್ದು ಇದನ್ನೇ.

ಇನ್ನೊಂದು ನಮ್ಮ ಬಿಸಿಲು. ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದಾಗ ಕಿವಿಯೊಳಗೂ ಬೆವರುತ್ತದೆ, ಬೆವರಿದ ಕಿವಿಗೆ ರಬ್ಬರಿನ ಬಿರಡೆ ಹಾಕಿ ತಾಸುಗಟ್ಟಲೆ ಬಿಟ್ಟರೆ ತುರಿಕೆ, ಆಮೇಲೆ ಬೂಷ್ಟು. ತಾಸಿಗೊಮ್ಮೆ ತೆಗೆದು ಗಾಳಿ ಆಡಿಸುವುದು, ರಬ್ಬರನ್ನು ಒರೆಸುವುದು ನನಗೆ ಈಗ ವಾಡಿಕೆ. ಮೂರನೆಯ ತಿಂಗಳು ಎಡಗಡೆಯದು ದನಿ ಕಡಿಮೆ ಮಾಡಿತು. ಕೆಟ್ಟಿತು ಎಂದುಕೊಂಡೆ. ನೋಡಿದರೆ ಮೂತಿಯ ಜಾಲರಿಗೆ ಗುಗ್ಗೆ ಮೆತ್ತಿತ್ತು. ಆಗಲೇ ಔಷಧಿ ಅಂಗಡಿಯ ಬಡ್ಸು ಕೆಲಸಕ್ಕೆ ಬಂದದ್ದು. 1923ರಲ್ಲಿ ಅಮೆರಿಕದ ಲಿಯೋ ಗರ್ಸ್ಟೆನ್‌ಜಾಂಗ್ ಎಂಬಾತ, ಹೆಂಡತಿ ಕೂಸಿಗಾಗಿ ಕಡ್ಡಿಯ ತುದಿಗೆ ಅರಳೆ ಸುತ್ತುವುದನ್ನು ನೋಡಿ ಅದನ್ನು ಕಾರ್ಖಾನೆಯಲ್ಲಿ ಮಾಡಿಸಿದನಂತೆ. ಅದನ್ನು ಕಿವಿಯೊಳಗೆ ಹಾಕಬೇಡಿ, ಗುಗ್ಗೆಯನ್ನು ಇನ್ನಷ್ಟು ಒಳಕ್ಕೆ ದಬ್ಬುತ್ತದೆ ಎಂದು ಕಿವಿ ಡಾಕ್ಟರುಗಳು ಹೇಳುತ್ತಲೇ ಇದ್ದಾರೆ. ಬಡ್ಸಿನ ಜಾಲರಿಗೆ ಅದರಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ಮೂತಿ ಕೆಳಗೆ ಮಾಡಿ, ಒಣಗಿದ ಅರಳೆಯಿಂದ, ಒತ್ತದೆ.

ತೂಕದ ಮಾತು ಬಂದರೆ ನಮ್ಮ ಓಲೆ ನೆನಪಾಗುತ್ತದೆ. ಓಲೆ ಅಂದರೆ ತಾಳೆಗರಿ. ಅದನ್ನು ಸುರುಳಿ ಸುತ್ತಿ ಕಿವಿಯ ತೂತಿಗೆ ಇಟ್ಟರು, ಆಭರಣಕ್ಕೂ ಓಲೆ ಎಂದೇ ಹೆಸರಾಯಿತು. ಅದರ ಮೇಲೆ ಕಂಟದಿಂದ ಬರೆದು ಕಳಿಸಿದರು, ಕಾಗದವೂ ಓಲೆಯಾಯಿತು. ಸುತ್ತಿದ ಗರಿ ತನ್ನಷ್ಟಕ್ಕೆ ಬಿಚ್ಚಿಕೊಳ್ಳಲು ನೋಡುತ್ತದೆ, ಅದರ ಆ ಹಗುರ ಒತ್ತಡವೇ ಅದನ್ನು ಕಿವಿಯಲ್ಲಿ ನಿಲ್ಲಿಸುತ್ತದೆ. ಕೊಂಡಿ ಬೇಡ, ತಿರುಪು ಬೇಡ. ಒಳ್ಳೆಯ ರಬ್ಬರು ನಿಲ್ಲುವುದೂ ಹೀಗೆಯೇ. ಕಿವಿಯಲ್ಲಿ ಇಡುವುದಕ್ಕೂ ದೂರದಿಂದ ಬರುವ ಮಾತಿಗೂ ಒಂದೇ ಹೆಸರಿಟ್ಟ ಭಾಷೆ ನಮ್ಮದು ಎಂದು ನನಗೆ ಹೆಮ್ಮೆ. ನನ್ನ ಬಡ್ಸು ಒಂದೊಂದು ಸುಮಾರು 4 ಗ್ರಾಂ. ಅರ್ಧ ತೊಲಕ್ಕೂ ಕಡಿಮೆ. ನಮ್ಮೂರ ಬಂಗಾರದ ಬಜಾರಿನಲ್ಲಿ ಅದಕ್ಕಿಂತ ಭಾರದ ಬೆಂಡೋಲೆಗಳನ್ನು ಹೆಣ್ಣುಮಕ್ಕಳು ನಗುನಗುತ್ತ ಹಾಕಿಕೊಂಡು ನೋಡುತ್ತಾರೆ. ಅದು ತೂಗುವುದು ಹಾಲೆಗೆ, ಇದು ಒತ್ತುವುದು ಒಳಗೋಡೆಗೆ; ಹಾಗಾಗಿ ಗ್ರಾಮಿನ ಲೆಕ್ಕ ಇಲ್ಲಿ ಅರ್ಧ ಮಾತ್ರ ನಿಜ.

ಇನ್ನು ದನಿ. ಡಬ್ಬಿಯ ಮೇಲೆ 13 ಮಿಲಿಮೀಟರ್ ಡ್ರೈವರ್, 20ರಿಂದ 20,000 ಹರ್ಟ್ಸ್, 50 ಗಂಟೆ ಎಂದು ದಪ್ಪಕ್ಷರದಲ್ಲಿ ಹಾಕಿರುತ್ತಾರೆ. 50 ಗಂಟೆ ಪೆಟ್ಟಿಗೆಯ ಬ್ಯಾಟರಿಯನ್ನೂ ಸೇರಿಸಿದ್ದು. ಡ್ರೈವರ್ ಅಂದರೆ ಒಳಗೆ ನಡುಗುವ ತೊಗಲು. ತಮಟೆ ದೊಡ್ಡದಾದ ಮಾತ್ರಕ್ಕೆ ಬಾರಿಸುವವನ ಕೈ ದೊಡ್ಡದಾಗುವುದಿಲ್ಲ. 20ರಿಂದ 20,000 ಎಂಬುದು ಮನುಷ್ಯನ ಎಳೆಯ ಕಿವಿ ಕೇಳಬಲ್ಲ ಹರವು. ಆ ಹರವಿನಲ್ಲಿ ಯಾವುದನ್ನು ಎಷ್ಟು ಜೋರಾಗಿ ಕೇಳಿಸುತ್ತದೆ ಎಂಬುದು ಮುಖ್ಯ, ಅದನ್ನು ಡಬ್ಬಿ ಹೇಳುವುದಿಲ್ಲ. ಕಡಿಮೆ ಬೆಲೆಯವುಗಳಲ್ಲಿ ಬಹುಪಾಲು ತಗ್ಗಿನ ಸ್ವರವನ್ನು ಎತ್ತಿ ಕೂರಿಸಿರುತ್ತಾರೆ, ಅಂಗಡಿಯ ಎರಡು ನಿಮಿಷಕ್ಕೆ ಅದು ಸಾಕು. ರಬ್ಬರು ಸರಿಯಾಗಿ ಕೂರದಿದ್ದರೆ ಇದೇ ಬಡ್ಸು ಉಲ್ಟಾ ಆಗಿ, ತಗಡು ಬಡಿದಂತೆ ಕಿರುಚುತ್ತದೆ. ಕೇಳುತ್ತಿರುವಾಗ ಬೆರಳಿನಿಂದ ಮೆಲ್ಲಗೆ ಒಳಗೆ ಒತ್ತಿ ನೋಡಬೇಕು. ಒತ್ತಿದ ಕೂಡಲೇ ದಪ್ಪ ದನಿ ತುಂಬಿಕೊಂಡರೆ ಎಲ್ಲೋ ಸೋರುತ್ತಿದೆ ಎಂದು ಅರ್ಥ. ದನಿಗೆ ಬೆಲೆ ಕಟ್ಟುವುದು ಅದಾದ ಮೇಲಿನ ಮಾತು.

ನನಗೆ ಬೇಕಾದದ್ದು ಬೇಸ್ ಅಲ್ಲ, ಮಾತು. ಯಾಕೆ ಎಂದು ಹೇಳಬೇಕಾದರೆ 1953ಕ್ಕೆ ಹೋಗಬೇಕು. ಆ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆಯನ್ನು ಹಂಚಿದರು. ಬಳ್ಳಾರಿ, ಸಿರುಗುಪ್ಪ, ಹೊಸಪೇಟೆಗಳು ಮೈಸೂರಿಗೆ ಹೋದವು. ಆದವಾನಿ, ಆಲೂರು, ರಾಯದುರ್ಗ ಆಂಧ್ರದಲ್ಲಿ ಉಳಿದವು. ಮೊದಲೆರಡು ಕರ್ನೂಲಿಗೆ ಸೇರಿದವು, ರಾಯದುರ್ಗ ಅನಂತಪುರಕ್ಕೆ. ಅತ್ತೆಯ ಮನೆ ಒಂದು ರಾಜ್ಯ, ತವರುಮನೆ ಇನ್ನೊಂದು ರಾಜ್ಯ ಆಯಿತು. ಹೊಳಗುಂದಿ, ಕೌತಾಳಂ, ಕೋಸಿಗಿ ಕಡೆ ಇವತ್ತಿಗೂ ಮನೆಮಾತು ಕನ್ನಡವೇ. ನಾನು ಓದಿದ್ದು ತೆಲುಗಿನಲ್ಲಿ, ದಲ್ಲಾಳಿ ಅಂಗಡಿಯಲ್ಲಿ ಲೆಕ್ಕ ಬರೆಯುವುದು ತೆಲುಗಿನಲ್ಲಿ. ತೆಲುಗು ನನಗೆ ಪ್ರೀತಿಯ ಭಾಷೆ, ಅನ್ನ ಕೊಟ್ಟ ಭಾಷೆ. ಕನ್ನಡದ ಅಕ್ಷರ ಕಲಿತದ್ದು ಹದಿನೇಳನೆಯ ವಯಸ್ಸಿಗೆ, ಸಿರುಗುಪ್ಪದ ಅಕ್ಕನ ಮನೆಯಲ್ಲಿ, ಒಂದೇ ವಾರದಲ್ಲಿ. ತೆಲುಗು ಬಂದವನಿಗೆ ಅಕ್ಷರ ಕಷ್ಟವೇ ಅಲ್ಲ. ಅದಕ್ಕೂ ಮುಂಚಿನ ಕನ್ನಡವೆಲ್ಲ ಕಿವಿಯಿಂದ ಬಂದದ್ದು. ಅವ್ವನ ಬಾಯಿಂದ, ಸೋದರಮಾವನ ಟ್ರಾನ್ಸಿಸ್ಟರಿನಿಂದ. ಮಾವ 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯನ್ನು ಹಿಡಿಯಲು ರಾತ್ರಿ ಅಂಗಳದಲ್ಲಿ ಸೆಟ್ಟನ್ನು ದಿಕ್ಕು ದಿಕ್ಕಿಗೆ ತಿರುಗಿಸುತ್ತಿದ್ದರು. ಮಲ್ಲಿಕಾರ್ಜುನ ಮನಸೂರರ ದನಿ ಅಲೆಯ ಮೇಲೆ ಬಂದು ಅಲೆಯ ಮೇಲೆ ಹೋಗುತ್ತಿತ್ತು. ಮೀಡಿಯಂ ವೇವಿನಲ್ಲಿ ಬರುವ ದನಿಯಲ್ಲಿ 5,000 ಹರ್ಟ್ಸಿನ ಮೇಲೆ ಹೆಚ್ಚೇನೂ ಉಳಿದಿರುವುದಿಲ್ಲ, ಆ ಪುಟ್ಟ ಸ್ಪೀಕರಿಗೆ ಬೇಸ್ ಎಂಬುದೇ ಇರಲಿಲ್ಲ. ಆದರೂ ಹುಲಿ ಹುಲಿಯಾಗಿ, ಹುಳಿ ಹುಳಿಯಾಗಿ ಕೇಳಿಸುತ್ತಿತ್ತು. ನಾಲಿಗೆ ಮೇಲಕ್ಕೆ ಮಡಿಚಿ ಹುಟ್ಟಿಸುವ ಳ, ಣ, ಟಗಳ ಗುರುತು 2,000ದಿಂದ 3,000 ಹರ್ಟ್ಸಿನ ನಡುವೆಯೇ ಬಹುಪಾಲು ಇರುತ್ತದೆ, ಅಷ್ಟು ಜಾಗವನ್ನು ಟ್ರಾನ್ಸಿಸ್ಟರು ಚೊಕ್ಕವಾಗಿ ಇಟ್ಟಿತ್ತು. ಬೇಸನ್ನು ಅತಿ ಮಾಡಿದ ಬಡ್ಸು ಕೆಡಿಸುವುದು ಈ ನಡುವಿನ ಜಾಗವನ್ನೇ. ಕಿವಿಯಿಂದ ಮಾತ್ರ ಭಾಷೆಯನ್ನು ಉಳಿಸಿಕೊಂಡವರು ಳಕಾರ ಕಳೆದುಕೊಂಡರೆ ಮತ್ತೆ ಎಲ್ಲಿ ಹುಡುಕಬೇಕು?

ಆದ್ದರಿಂದ ಬಡ್ಸು ಪರೀಕ್ಷಿಸಲು ನನ್ನ ಹತ್ತಿರ ಒಂದೇ ಹಾಡಿದೆ. ಅಪ್ಪನ ಅಕ್ಕ, ನಮ್ಮ ಸೋದರತ್ತೆ, ಚಿಪ್ಪಗಿರಿಯಲ್ಲಿ ಹಾಡಿದ್ದು. ಚಿಪ್ಪಗಿರಿ ನಮ್ಮ ಆಲೂರು ಸೀಮೆಯ ಊರು, ವಿಜಯದಾಸರು 1755ರಲ್ಲಿ ದೇಹಬಿಟ್ಟ ಜಾಗ. ಮಾನ್ವಿ ಕಡೆಯ ಚೀಕಲಪರವಿಯಲ್ಲಿ ಹುಟ್ಟಿ, ಕಾಶಿಯವರೆಗೆ ಅಲೆದು, ಸುಳಾದಿಗಳನ್ನು ಕಟ್ಟಿದ ಆ ದಾಸರ ಆರಾಧನೆ ಕಾರ್ತಿಕ ಶುದ್ಧ ದಶಮಿಗೆ. ಅತ್ತೆಯ ಭಜನಾ ಮಂಡಳಿ ಅಲ್ಲಿಗೆ ಹೋಗುತ್ತಿತ್ತು. ಒಂದು ವರ್ಷ ನಾನೂ ಹೋಗಿ ಫೋನಿನಲ್ಲಿ ಹಿಡಿದುಕೊಂಡೆ. ಏಳು ನಿಮಿಷ. ಅದರಲ್ಲಿ ಅತ್ತೆಯ ಒಡೆದ ದನಿ ಇದೆ, ಹಿಂದೆ ತಂಬೂರಿ, ಬೆರಳಲ್ಲಿ ಚಿಟಿಕೆ, ಜೊತೆಗೆ ಹಾಡುವ ಆರೇಳು ಹೆಂಗಸರು, ನಡುವೆ ಒಂದು ಕೂಸಿನ ಅಳು, ಗಂಟೆ. ಸ್ಟುಡಿಯೋದವರು ಇದನ್ನು ಕೈಯಿಂದಲೂ ಮುಟ್ಟುವುದಿಲ್ಲ. ನನಗೆ ಇದರಲ್ಲಿ ಎಲ್ಲ ಎಳೆಯೂ ಗೊತ್ತು. ಚಿಟಿಕೆಯ ಸದ್ದು ದನಿಯಿಂದ ಬೇರೆಯಾಗಿ ನಿಲ್ಲಬೇಕು, ಆದರೆ ಸೂಜಿಯಂತೆ ಚುಚ್ಚಬಾರದು. ತಂಬೂರಿಯ ತಂತಿ ಮೀಟಿದ ಮೇಲೆ ಒಳಗೆ ಜೇನುಹುಳ ಹೊಕ್ಕಂತೆ ಒಂದು ಝೇಂಕಾರ ಏಳುತ್ತದೆ. ಅದು ಬರೀ ಗುಂಯ್ ಆಗಿ ಉಳಿದರೆ ಬೇಸ್ ಜಾಸ್ತಿ. ಎರಡನೆಯ ನುಡಿಯ ಕೊನೆಗೆ ಅತ್ತೆ ‘ವಿಠಲ’ ಎನ್ನುವ ಮುಂಚೆ ಉಸಿರು ಎಳೆದುಕೊಳ್ಳುತ್ತಾಳೆ. ಆ ಉಸಿರು ಕೇಳಬೇಕು. ಹುಡುಗ ತೋರಿಸಿದ ಮೂರರಲ್ಲಿ ಎಲ್ಲಕ್ಕಿಂತ ದುಬಾರಿಯದರಲ್ಲಿ ಅದು ಕೇಳಿಸಲಿಲ್ಲ. 1,300ರದರಲ್ಲಿ ಕೇಳಿಸಿತು. ಬೆಲೆಗೂ ಉಸಿರಿಗೂ ಸಂಬಂಧ ಇರಲಿಲ್ಲ.

ಸುತ್ತಲಿನ ಗದ್ದಲವನ್ನು ಅಳಿಸುವ ಬಡ್ಸನ್ನೂ ಒಮ್ಮೆ ನೋಡಿದೆ, ಗೆಳೆಯನದು, ಎರಡೂವರೆ ಸಾವಿರದ್ದು. ಹಾಕಿಕೊಂಡು ರಾಯಚೂರಿಗೆ ರೈಲು ಹತ್ತಿದೆ. ಮುಂಬೈ ಕಡೆಯ ಹಳಿ ಮತ್ತು ಮದ್ರಾಸ್ ಕಡೆಯ ಹಳಿ 1871ರಲ್ಲಿ ರಾಯಚೂರಿನಲ್ಲಿ ಕೂಡಿದ ದಾರಿ ಇದು. ಇಸವಿ, ಕುಪಗಲ್, ಕೋಸಿಗಿ, ಮಂತ್ರಾಲಯಂ ರೋಡ್, ಆಮೇಲೆ ತುಂಗಭದ್ರೆಯ ಸೇತುವೆ, ನದಿ ದಾಟಿದರೆ ಕರ್ನಾಟಕದ ಮಟಮಾರಿ. ಆ ಬಡ್ಸಿನ ಒಳಗೆ ಒಂದು ಮೈಕು ಹೊರಗಿನ ಸದ್ದನ್ನು ಕೇಳಿ ಅದರ ತಿರುಗುಮುರುಗಾದ ಅಲೆಯನ್ನು ಕಿವಿಗೆ ಬಿಡುತ್ತದೆ. ಏರು ಬಂದ ಕಡೆ ಇಳಿವು, ಇಳಿವು ಬಂದ ಕಡೆ ಏರು, ಒಂದನ್ನೊಂದು ಕಳೆಯುತ್ತವೆ. ಒಂದೇ ಸಮನೆ ಮೊರೆಯುವ ತಗ್ಗಿನ ಸದ್ದಿಗೆ ಇದು ಚೆನ್ನಾಗಿ ನಡೆಯುತ್ತದೆ, ಚಹಾ ಮಾರುವವನ ಕೂಗಿಗೆ ನಡೆಯುವುದಿಲ್ಲ. ಬೋಗಿಯ ಗಡಗಡ ನಿಜಕ್ಕೂ ದೂರ ಹೋಯಿತು. ಸೇತುವೆಯ ಮೇಲೆ ಗಾಲಿ ಹತ್ತಿದಾಗ ಎದೆ ನಡುಗಿಸುವ ಒಂದು ದನಿ ಬರುತ್ತದೆ. ಅದು ಬಂತೆಂದರೆ ಚಿಕ್ಕಂದಿನಲ್ಲಿ ನಾವು ಕಿಟಕಿಯಿಂದ ನದಿಗೆ ಐದು ಪೈಸೆ ಎಸೆಯುತ್ತಿದ್ದೆವು, ಅವ್ವ ಮಂತ್ರಾಲಯದ ರಾಯರಿಗೆ ಕೈ ಮುಗಿಯುತ್ತಿದ್ದಳು. ಅವತ್ತು ಆ ದನಿ ಬರಲೇ ಇಲ್ಲ. ತಲೆಯೆತ್ತಿ ನೋಡಿದಾಗ ನದಿ ಹಿಂದೆ ಹೋಗಿತ್ತು. ಯಂತ್ರ ಹೇಳಿದ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ದಿನಾ ಅದೇ ರೈಲಿನಲ್ಲಿ ಓಡಾಡಿ ತಲೆನೋವು ಬಂದವರಿಗೆ ಅದು ವರ, ಅಂಥವರು ಆ ಹೆಚ್ಚಿನ ದುಡ್ಡು ಕೊಡಬೇಕು. ನನಗೆ ಸೇತುವೆ ಬೇಕು, ನಾನು ಕೊಡಲಿಲ್ಲ.

ಫೋನಿನ ಮಾತಿಗೆ ಬಂದರೆ ಎಲ್ಲ ಅಗ್ಗದ ಬಡ್ಸೂ ಕೈಕೊಡುತ್ತವೆ. ಹಾಡು ಕೇಳುವಾಗ ದನಿ ಒಂದೇ ಕಡೆಗೆ ಹರಿಯುತ್ತದೆ. ಮಾತಾಡುವಾಗ ಎರಡು ಕಡೆಗೂ ಹರಿಯಬೇಕು. ಬ್ಲೂಟೂತಿನ ದಾರಿ ಕಿರಿದು, ಆಗ ದನಿಯನ್ನು ಹಳೆಯ ಟೆಲಿಫೋನಿನ ಅಳತೆಗೆ ಕತ್ತರಿಸಿ ಕಳಿಸುತ್ತದೆ. ಸಿರುಗುಪ್ಪದಿಂದ ಅಕ್ಕ ಮಾಡಿದರೆ ಕೊಡದೊಳಗಿಂದ ಮಾತಾಡಿದಂತೆ. ‘ಯಾಕೋ ತಮ್ಮಾ, ಬಾವಿಯಾಗ ಕುಂತೀಯೇನು?’ ಎಂದು ಅವಳೂ ಕೇಳುತ್ತಾಳೆ. ಅವಳ ಫೋನು ಬಂದರೆ ಬಡ್ಸು ತೆಗೆದಿಟ್ಟು ಸೆಟ್ಟನ್ನೇ ಕಿವಿಗೆ ಹಿಡಿಯುತ್ತೇನೆ.

ಒಂದು ಮಾತನ್ನು ನನ್ನ ಮಗನ ವಯಸ್ಸಿನವರಿಗೆಲ್ಲ ಕೂಗಿ ಹೇಳಬೇಕು ಅನಿಸುತ್ತದೆ. ಜಿನ್ನಿನಲ್ಲಿ ಸಾಲಾಗಿ ಡಬಲ್ ರೋಲರುಗಳು ಓಡುವಾಗ ಪಕ್ಕದವನ ಬಾಯಿ ಆಡುವುದು ಕಾಣುತ್ತದೆ, ಮಾತು ಕೇಳುವುದಿಲ್ಲ. ಅಪ್ಪ ಮತ್ತು ಅವರ ಜೊತೆಯವರು ಕೈಸನ್ನೆಯಲ್ಲೇ ಮಾತಾಡುತ್ತಿದ್ದರು. ಕಿವಿಗೆ ಅರಳೆ ಇಟ್ಟುಕೊಂಡರೂ ಆ ಗದ್ದಲಕ್ಕೆ ಅದು ಯಾವ ಮೂಲೆಗೆ? ಗದ್ದಲ ಮೊದಲು ತಿನ್ನುವುದು 4,000 ಹರ್ಟ್ಸಿನ ಆಸುಪಾಸಿನ ಕೇಳ್ಮೆಯನ್ನು. ಸ, ಶ, ತ, ಕ ಎಲ್ಲ ಸವೆಯುತ್ತವೆ. ಅಪ್ಪನಿಗೆ ಈಗ ನಾವು ಮಾತಾಡುತ್ತಿದ್ದೇವೆ ಎಂದು ಕೇಳುತ್ತದೆ, ಏನು ಮಾತಾಡುತ್ತಿದ್ದೇವೆ ಎಂದು ಕೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹೀಗಿದೆ: 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು, 90 ಆದರೆ 4 ಗಂಟೆ ಮಾತ್ರ. ಹತ್ತು ಏರಿದರೆ ಹೊತ್ತು ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಅಪ್ಪನಿಗೆ ಜಿನ್ನು ಹೊಟ್ಟೆಪಾಡು, ಬಿಡಲು ಆಗಲಿಲ್ಲ. ದನಿ ತಗ್ಗಿಸುವ ಗುಂಡಿ ನಮ್ಮ ಬೆರಳಿನ ಕೆಳಗೇ ಇದೆ. ರಬ್ಬರು ಸರಿಯಾಗಿ ಕೂತರೆ ಹೊರಗಿನ ಗದ್ದಲ ಕಡಿಮೆ ಹೊಗುತ್ತದೆ, ಅರ್ಧ ದನಿಗೇ ಎಲ್ಲ ಕೇಳುತ್ತದೆ. ಅದಕ್ಕೇ ಆ ಮೂರು ಜೊತೆ ರಬ್ಬರನ್ನು ಎಸೆಯಬೇಡಿ ಅನ್ನುವುದು.

ಅಪ್ಪನಿಗೆ ಕಿವಿಯ ಮಿಷನ್ ಇದೆ. ಮಾತಿಗೆ ಅದನ್ನು ಹಾಕಿಕೊಳ್ಳುತ್ತಾರೆ, ಬಡ್ಸು ಅದರ ಜಾಗಕ್ಕೆ ಬರುವಂಥದ್ದಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಹಾಡಿಗೆ ಮಾತ್ರ ಅವರಿಗೆ ಮಿಷನ್ ಒಗ್ಗಲಿಲ್ಲ. ‘ತಗಡಿನ್ಯಾಗ ಹಾಡಿದಂಗ ಐತಿ’ ಎಂದು ತೆಗೆದಿಟ್ಟು, ಹಾಡು ಕೇಳುವುದನ್ನೇ ಬಿಟ್ಟಿದ್ದರು. ಹೋದ ಶ್ರಾವಣದ ಒಂದು ಸಂಜೆ ಫೋನಿನಲ್ಲಿ ಬೇಸನ್ನು ಪೂರಾ ಇಳಿಸಿ, 2,000ದಿಂದ 4,000ದ ಗೆರೆಗಳನ್ನು ಏರಿಸಿ, ಎಡಗಿವಿಯದಕ್ಕೆ ದೊಡ್ಡ ರಬ್ಬರು ಹಾಕಿ ಅವರ ಕೈಗೆ ಕೊಟ್ಟೆ. ಅವರು ಮೊದಲು ಅದನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತಿ ನೋಡಿದರು. ಬಿಟ್ಟರು. ರಬ್ಬರು ಅರಳಿತು. ಆಮೇಲೆ ಕಿವಿಗಿಟ್ಟುಕೊಂಡರು. ಬಲಗಿವಿಯದನ್ನು ನಾನು ಇಟ್ಟುಕೊಂಡೆ.

ಚಿಪ್ಪಗಿರಿಯ ಹಾಡು ಬಿಟ್ಟೆ. ಅತ್ತೆ ಹೋಗಿ ನಾಲ್ಕು ವರ್ಷ. ಮೊದಲ ನುಡಿಗೆ ಅಪ್ಪ ಏನೂ ಅನ್ನಲಿಲ್ಲ. ಕೂಸು ಅತ್ತಾಗ ‘ಯಾರ ಕೂಸು ಅದು?’ ಎಂದರು. ಎರಡನೆಯ ನುಡಿಯ ಕೊನೆಗೆ ಅತ್ತೆ ಉಸಿರೆಳೆದುಕೊಳ್ಳುವ ಜಾಗ ಬಂತು, ನಾನು ಅಪ್ಪನ ಮುಖ ನೋಡಿದೆ. ‘ಅಕ್ಕಗ ಉಬ್ಬಸ ಆಗಲೇ ಇತ್ತೇನೋ’ ಅಂದರು. ಅಷ್ಟರಲ್ಲಿ ಹಾಡನ್ನು ಸರಿಸಿ ಇಂಗ್ಲಿಷಿನಲ್ಲಿ ಒಬ್ಬ ಹೆಂಗಸು ಏನೋ ಹೇಳಿದಳು.

‘ಏನಂತಾಳ ಆಕಿ?’

‘ಎಡಗಡೀದು ಬ್ಯಾಟರಿ ಮುಗೀತಂತ, ಅಪ್ಪಾ.’

‘ಅಕ್ಕನ ಪದ ಮುಗಿಯೋತನಕ ತಡಿ ಅಂತ ಹೇಳು ಆಕಿಗೆ.’

ಬಲಗಡೆಯದರಲ್ಲಿ ಇನ್ನೂ ಇತ್ತು. ಅದನ್ನು ತೆಗೆದು, ಒರೆಸಿ, ದೊಡ್ಡ ರಬ್ಬರು ಬದಲಿಸಿ ಅಪ್ಪನ ಬಲಗಿವಿಗೆ ಇಟ್ಟು, ಅವ್ವ ಮಾಡುತ್ತಿದ್ದಂತೆ ಒಂದು ಸಲ ತಿರುವಿ ಬಿಟ್ಟೆ.